ಕೋಶದ ಮೈಮೇಲಿನ ಪ್ರೋಟೀನಿಗೆ ಗುರುತು ಹಾಕೋದು: ಬಂಗಾರವೋ, ಕಂದು ಕಲೆಯೋ, ಹುರುಳಿಕಾಳೋ?

ಕಳೆದ ತಿಂಗಳು ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಹಿಂದೆ ನನ್ನ ಕ್ಲಾಸಿನಲ್ಲಿ ಕೂತವಳು, ಈಗ ಪಿಎಚ್‌ಡಿ ಶುರು ಮಾಡಿದ್ದಾಳೆ. "ಮೇಡಂ, ಲಿಂಫೋಸೈಟ್ ಮೇಲಿರೋ ಒಂದು ರಿಸೆಪ್ಟರ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ತೋರಿಸ್ಬೇಕು. ಗೈಡ್ ಎಪೆಕ್ಸ್ ಮಾಡು ಅಂತಾರೆ, ಸೀನಿಯರ್ರು ಗೋಲ್ಡ್ ಸಾಕು ಅಂತಾರೆ, ಕೆಮಿಕಲ್ ಮಾರೋ ಏಜೆಂಟ್ ಕ್ವಾಂಟಮ್ ಡಾಟ್ ತಗೊಳ್ಳಿ ಅಂತಾನೆ. ಯಾವ್ದು ಮಾಡ್ಲಿ?" (ಲಿಂಫೋಸೈಟ್ ಅಂದರೆ ಒಂದು ಬಗೆಯ ಬಿಳಿ ರಕ್ತಕಣ, ರಿಸೆಪ್ಟರ್ ಅಂದರೆ ಅದರ ಮೈಮೇಲೆ ಕೂತು ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನ್. ಎಪೆಕ್ಸ್, ಗೋಲ್ಡ್, ಕ್ವಾಂಟಮ್ ಡಾಟ್ ಮೂರೂ ಅದಕ್ಕೆ ಹಾಕುವ ಗುರುತುಗಳು.) ಒಲೆ ಮೇಲೆ ಹಾಲಿಟ್ಟು ಫೋನ್ ಎತ್ತಿದವಳು ಮುಕ್ಕಾಲು ಗಂಟೆ ಮಾತಾಡಿದೆ. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಇದೇ ಪ್ರಶ್ನೆ ಕೇಳುವವರು ಇನ್ನೂ ಇದ್ದಾರೆ, ಅಷ್ಟು ಹಾಲು ನನ್ನ ಹತ್ತಿರ ಇಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ. 10 ನ್ಯಾನೋಮೀಟರ್ ಬಂಗಾರದ ಕಣಕ್ಕೆ, ಅದೂ ಕೋಶವನ್ನು ರೆಸಿನ್‌ನಲ್ಲಿ (ತೆಳ್ಳಗೆ ಕೊಯ್ಯೋಕೆ ಅಂತ ಬಳಸುವ, ಗಟ್ಟಿಯಾಗುವ ಪ್ಲಾಸ್ಟಿಕ್ಕಿನಲ್ಲಿ) ಹೂಳುವ ಮುಂಚೆಯೇ ಗುರುತು ಹಾಕುವ ವಿಧಾನಕ್ಕೆ. ಎಲ್ಲರಿಗೂ ಇದೇ ಸರಿ ಅಂತಲ್ಲ. ಆದರೆ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಕೂತು ಕೆಲಸ ಮಾಡುತ್ತಾ, ಮೈಕ್ರೋಸ್ಕೋಪ್ ನೋಡೋಕೆ ಬೆಂಗಳೂರು ಬಸ್ ಹತ್ತಬೇಕಾದ ನಮ್ಮಂಥವರಿಗೆ ಇದರಷ್ಟು ಹೊಂದುವುದು ಇನ್ನೊಂದಿಲ್ಲ.

ಗುರುತು ಯಾಕೆ ಬೇಕು?

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಂಜಿನಲ್ಲಿ ರಸ್ತೆ ಅಂಚು ಕಾಣುವುದಿಲ್ಲ, ಕಲ್ಲಿಗೆ ಅಂಟಿಸಿದ ರೇಡಿಯಂ ಮಾತ್ರ ಮಿಣಕ್ ಅನ್ನುತ್ತದೆ. ಅಂಚು ಎಲ್ಲಿದೆ ಅಂತ ನಾವು ರೇಡಿಯಂ ನೋಡಿ ಅಂದಾಜು ಮಾಡುತ್ತೇವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬಣ್ಣ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಭಾರದ ಪರಮಾಣು ಯಾವುದು, ಹಗುರದ್ದು ಯಾವುದು ಅಂತ ಮಾತ್ರ. ಪ್ರೋಟೀನ್ ಅಂದರೆ ಕಾರ್ಬನ್, ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಒಂದಿಷ್ಟು ಗಂಧಕ. ಅಕ್ಕಪಕ್ಕದ ಪ್ರೋಟೀನೂ ಅದೇ, ರೆಸಿನ್ನೂ ಹೆಚ್ಚುಕಮ್ಮಿ ಅದೇ. ಅದರಲ್ಲಿ ನಿಮ್ಮ ರಿಸೆಪ್ಟರ್ ಯಾವುದು ಅಂತ ತಿಳಿಯಬೇಕಾದರೆ ಅದಕ್ಕೊಂದು ಭಾರದ ವಸ್ತು ಅಂಟಿಸಬೇಕು. ಬಂಗಾರದ ಪರಮಾಣು ಸಂಖ್ಯೆ 79, ಕಾರ್ಬನ್ನಿನದು 6. ಇದಕ್ಕಿಂತ ಜಾಸ್ತಿ ವಿವರಣೆ ಬೇಕಿಲ್ಲ ಅಲ್ವಾ?

ಒಂದು ಖುಷಿಯ ವಿಷಯ ಅಂದರೆ, ಕೋಶದ ಮೈಮೇಲಿನ ಪ್ರೋಟೀನ್ ಬೀದಿ ಬದಿಯ ಮನೆ ಇದ್ದ ಹಾಗೆ. ಒಳಗಿನ ಪ್ರೋಟೀನಿಗೆ ಆ್ಯಂಟಿಬಾಡಿ (ಒಂದು ನಿರ್ದಿಷ್ಟ ಪ್ರೋಟೀನನ್ನೇ ಹುಡುಕಿ ಅಂಟುವ ಪ್ರೋಟೀನ್, ಭಾರದ ಗುರುತು ಹೊತ್ತೊಯ್ಯುವುದು ಇದೇ) ತಲುಪಿಸಬೇಕಾದರೆ ಪೊರೆ ತೂತು ಮಾಡಬೇಕು, ಡಿಟರ್ಜೆಂಟ್ ಹಾಕಬೇಕು, ಆಗ ರಚನೆ ಹಾಳಾಗುತ್ತದೆ. ಮೈಮೇಲಿನದಕ್ಕೆ ಆ ರಗಳೆ ಇಲ್ಲ. ಕೋಶವನ್ನು ಟ್ಯೂಬಿಗೆ ಹಾಕಿ ಆ್ಯಂಟಿಬಾಡಿ ಸುರಿದರೆ ಅದು ನೇರ ಹೋಗಿ ಕೂರುತ್ತದೆ. ಎಷ್ಟೋ ಜನ ಈ ಅನುಕೂಲ ಮರೆತು, ಒಳಗಿನ ಪ್ರೋಟೀನಿಗೆ ಬರೆದ ಪ್ರೋಟೊಕಾಲನ್ನೇ ತಂದು ಇಲ್ಲಿಗೂ ಹಚ್ಚಿ ಸುಮ್ನೆ ಒದ್ದಾಡುತ್ತಾರೆ.

ಮೊದಲು ಲೆಕ್ಕ, ಆಮೇಲೆ ಲೇಬಲ್

ಏನನ್ನೂ ಕೊಳ್ಳುವ ಮುಂಚೆ ಒಂದು ಹಾಳೆ ತಗೊಂಡು ಈ ಲೆಕ್ಕ ಮಾಡಿ. ಇದನ್ನು ಮಾಡದೆ ಆರು ತಿಂಗಳು ಕಳೆದವರನ್ನು ನೋಡಿದ್ದೇನೆ. ಅವರಲ್ಲಿ ಮೊದಲನೆಯವಳು ನಾನೇ.

ಕೋಶ 10 ಮೈಕ್ರೋಮೀಟರ್ ಅಗಲದ ಚೆಂಡು ಅಂದುಕೊಳ್ಳಿ. ಅದರ ಮೈ ಸುಮಾರು 314 ಚದರ ಮೈಕ್ರೋಮೀಟರ್. ನಾವು ನೋಡುವುದು ಇಡೀ ಚೆಂಡನ್ನಲ್ಲ, 70 ನ್ಯಾನೋಮೀಟರ್ ದಪ್ಪದ ಒಂದು ಸೆಕ್ಷನ್ನನ್ನು. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿದಾಗ ಬಿಲ್ಲೆಯ ಸುತ್ತ ಎಷ್ಟು ಸಿಪ್ಪೆ ಉಳಿಯುತ್ತದೋ ಅಷ್ಟೇ ಮೈ ನಮಗೆ ಸಿಗುವುದು. ಸರಿಯಾಗಿ ನಡುವೆ ಕತ್ತರಿಸಿದರೆ ಸುತ್ತಳತೆ 31 ಮೈಕ್ರೋಮೀಟರ್, ಅದಕ್ಕೆ 0.07 ಗುಣಿಸಿದರೆ 2.2 ಚದರ ಮೈಕ್ರೋಮೀಟರ್. ಈಗ ನಿಮ್ಮ ಪ್ರೋಟೀನ್ ಒಂದು ಕೋಶದ ಮೇಲೆ 10,000 ಇದೆ ಅನ್ನಿ. ಚದರ ಮೈಕ್ರೋಮೀಟರಿಗೆ 32 ಬೀಳುತ್ತದೆ, ಒಂದು ಸೆಕ್ಷನ್ನಿಗೆ ಸುಮಾರು 70. ಹತ್ತರಲ್ಲಿ ಒಂದಕ್ಕೆ ಗುರುತು ಕೂತಿತು ಅಂತ ಹಿಡಿದರೆ ಕಾಣುವುದು 7 ಕಣ. ಅದೇ ಪ್ರೋಟೀನ್ 1,000 ಮಾತ್ರ ಇದ್ದರೆ? ಒಂದು ಕಣವೂ ಗ್ಯಾರಂಟಿ ಇಲ್ಲ. ಆಗ ನೀವು ಐವತ್ತು ಕೋಶ ನೋಡಿ "ಲೇಬಲ್ ಕೆಲಸ ಮಾಡಲಿಲ್ಲ" ಅಂತ ಅತ್ತುಕೊಂಡು ವಾಪಸ್ ಬರುತ್ತೀರಿ. ಲೇಬಲ್ ಸರಿಯಾಗಿಯೇ ಕೆಲಸ ಮಾಡಿರುತ್ತದೆ.

ಕೆಂಪು ರಕ್ತಕಣದ ಬ್ಯಾಂಡ್ 3 ಪ್ರೋಟೀನ್ ಒಂದು ಕಣದ ಮೇಲೆ ಹತ್ತು ಲಕ್ಷಕ್ಕೂ ಜಾಸ್ತಿ ಇರುತ್ತದೆ. ಅಂಥದ್ದಕ್ಕೆ ಯಾವ ಲೇಬಲ್ ಹಾಕಿದರೂ ಚಿತ್ರ ಬರುತ್ತದೆ. ಕಲಿಯುವವರು ಅಂಥದ್ದರಿಂದಲೇ ಶುರು ಮಾಡಲಿ ಅಂತ ನನ್ನ ಸಲಹೆ.

ಬಂಗಾರ

1971ರಲ್ಲಿ ಫಾಕ್ ಮತ್ತು ಟೇಲರ್ ಅನ್ನುವವರು ಬಂಗಾರದ ಸಣ್ಣ ಕಣಗಳಿಗೆ ಆ್ಯಂಟಿಬಾಡಿ ಅಂಟಿಸಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಮೈಮೇಲಿನ ಆ್ಯಂಟಿಜನ್ ತೋರಿಸಿದರು. ಅಂದರೆ ಈ ಪದ್ಧತಿ ಹುಟ್ಟಿದ್ದೇ ಮೈಮೇಲಿನ ಗುರುತಿಗಾಗಿ. ಎರಡು ವರ್ಷದ ಮೇಲೆ, 1973ರಲ್ಲಿ, ಫ್ರೆನ್ಸ್ ಎನ್ನುವವರು ಸಿಟ್ರೇಟ್ ಎಷ್ಟು ಹಾಕಿದರೆ ಎಷ್ಟು ದೊಡ್ಡ ಕಣ ಬರುತ್ತದೆ ಅಂತ ಬರೆದಿಟ್ಟರು. ಕುದಿಯುವ ಗೋಲ್ಡ್ ಕ್ಲೋರೈಡ್ ನೀರಿಗೆ ಸಿಟ್ರೇಟ್ ಸುರಿದು ಅದು ಮೊದಲು ಕಪ್ಪುಮಿಶ್ರಿತ ನೀಲಿಯಾಗಿ, ಆಮೇಲೆ ದಾಳಿಂಬೆ ರಸದ ಹಾಗೆ ಕೆಂಪಾಗುವುದನ್ನು ಒಮ್ಮೆಯಾದರೂ ಮಾಡಿ ನೋಡಬೇಕು. ಕೆಲಸಕ್ಕೆ ಮಾತ್ರ ರೆಡಿ ಸಿಗುವುದನ್ನೇ ಕೊಳ್ಳಿ.

ಬಂಗಾರದ ದೊಡ್ಡ ಗುಣ ಅಂದರೆ ಎಣಿಸಬಹುದು. ಗುಂಡಗೆ, ಕಪ್ಪಗೆ, ಅಂಚು ಚೂಪಾಗಿ ಕಾಣುತ್ತದೆ, ಸುಮ್ನೆ ಬಿದ್ದ ಕಸದ ಜೊತೆ ಗೊಂದಲ ಆಗುವುದಿಲ್ಲ. 6 ಮತ್ತು 15 ನ್ಯಾನೋಮೀಟರಿನ ಎರಡು ಅಳತೆ ತಗೊಂಡರೆ ಎರಡು ಪ್ರೋಟೀನನ್ನು ಒಂದೇ ಚಿತ್ರದಲ್ಲಿ ತೋರಿಸಬಹುದು.

ಅಳತೆ ಆರಿಸೋದು ಹೇಗೆ? ಚಿಕ್ಕ ಕಣ ಜಾಸ್ತಿ ಸಂಖ್ಯೆಯಲ್ಲಿ ಕೂರುತ್ತದೆ, ದೊಡ್ಡದು ಪಕ್ಕದವನಿಗೂ ಜಾಗ ಬಿಡುವುದಿಲ್ಲ, ಸಂತೆ ಬಸ್ಸಿನಲ್ಲಿ ಮೂಟೆ ಇಟ್ಟುಕೊಂಡು ಕೂತವರ ಹಾಗೆ. ಹಾಗಂತ ತೀರಾ ಚಿಕ್ಕದು ತಗೊಂಡರೆ ಕಣ್ಣಿಗೆ ಕಾಣಬೇಕಲ್ಲ. 10 ನ್ಯಾನೋಮೀಟರ್ ಕಣವನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿದರೆ 0.1 ಮಿಲಿಮೀಟರ್, ಅಂದರೆ ಪೆನ್ಸಿಲ್ ಮುಳ್ಳಿನ ಚುಕ್ಕೆ. 5 ಆದರೆ ಅದರ ಅರ್ಧ. ಇಡೀ ಕೋಶ ಕಾಣುವ ಹಿಗ್ಗಳತೆಯಲ್ಲಿ ಕಣವೂ ಕಾಣಬೇಕು ಅಂದರೆ 10 ಸರಿಯಾದ ರಾಜಿ. ಇನ್ನೂ ಚಿಕ್ಕವು, 1.4 ನ್ಯಾನೋಮೀಟರಿನ ನ್ಯಾನೋಗೋಲ್ಡ್ ಥರದವು, ಇಕ್ಕಟ್ಟಿನ ಜಾಗಕ್ಕೂ ನುಗ್ಗುತ್ತವೆ. ಆದರೆ ಆಮೇಲೆ ಬೆಳ್ಳಿ ಲೇಪಿಸಿ ದಪ್ಪ ಮಾಡಬೇಕು. ಬೆಳ್ಳಿ ಹಾಕಿದ ಮೇಲೆ ಆಸ್ಮಿಯಂ (ಪೊರೆ ಕಪ್ಪಗೆ ಕಾಣಲಿ ಅಂತ ಹಾಕುವ ಭಾರದ ಲೋಹದ ರಾಸಾಯನಿಕ) ಜಾಸ್ತಿ ಹೊತ್ತು ಇಟ್ಟರೆ ಅದೇ ಬೆಳ್ಳಿಯನ್ನು ತಿಂದುಹಾಕುತ್ತದೆ. ಮೈಮೇಲಿನ ಪ್ರೋಟೀನಿಗೆ ಇಷ್ಟೆಲ್ಲ ಬೇಕಾಗುವುದು ಅಪರೂಪ.

ಇನ್ನೊಂದು ವಿಷಯ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಂಗಾರ ಕೂತಿರುವ ಜಾಗದಲ್ಲೇ ಪ್ರೋಟೀನ್ ಇರುವುದಿಲ್ಲ. ಒಂದು ಆ್ಯಂಟಿಬಾಡಿ ಸುಮಾರು 10ರಿಂದ 15 ನ್ಯಾನೋಮೀಟರ್ ಉದ್ದ. ಮೊದಲ ಆ್ಯಂಟಿಬಾಡಿ, ಅದರ ಮೇಲೆ ಎರಡನೆಯದು, ಅದರ ತುದಿಗೆ ಕಣ. ಎಲ್ಲ ಸೇರಿ ಕಣ 20 ನ್ಯಾನೋಮೀಟರಿಗಿಂತ ಆಚೆಗೂ ವಾಲಬಹುದು. ಕೋಶಪೊರೆಯ ದಪ್ಪವೇ 7–8 ನ್ಯಾನೋಮೀಟರ್. ಹಾಗಾಗಿ ಕಣ ಪೊರೆಯಿಂದ ಚೂರು ದೂರ ಕಂಡರೆ ಗಾಬರಿ ಬೇಡ, ಕಟ್ಟಿದ ಹಸು ಗೂಟದ ಸುತ್ತ ಮೇಯುವ ಹಾಗೆ ಅದು. ಹಗ್ಗ ಗಿಡ್ಡ ಮಾಡಬೇಕಾದರೆ ದಾರಿ ಇದೆ: ಎರಡನೆಯ ಆ್ಯಂಟಿಬಾಡಿ ಬದಲು ಪ್ರೋಟೀನ್ ಎ (ಆ್ಯಂಟಿಬಾಡಿಗೆ ಅಂಟುವ, ಬ್ಯಾಕ್ಟೀರಿಯಾದ ಒಂದು ಪ್ರೋಟೀನ್) ಹಚ್ಚಿದ ಬಂಗಾರ, ಇಲ್ಲವೇ ಆ್ಯಂಟಿಬಾಡಿಯ ಫ್ಯಾಬ್ ತುಂಡು (ಹಿಡಿಯುವ ಕೈ ಮಾತ್ರ), ಇಲ್ಲವೇ ನ್ಯಾನೋಬಾಡಿ. ಒಂಟೆಗಳಲ್ಲಿ ಹಗುರ ಸರಪಳಿ ಇಲ್ಲದ, ಭಾರದ ಸರಪಳಿ ಮಾತ್ರ ಇರುವ ಆ್ಯಂಟಿಬಾಡಿ ಇದೆ ಅಂತ ಬೆಲ್ಜಿಯಂನವರು 1993ರಲ್ಲಿ ಪ್ರಕಟಿಸಿದರು. ಅದರ ತುದಿಯ ಚೂರೇ ನ್ಯಾನೋಬಾಡಿ, ಬರೀ 4 ನ್ಯಾನೋಮೀಟರ್. ನಿಮ್ಮ ಪ್ರೋಟೀನಿಗೆ ಅಂಥದ್ದು ಸಿಕ್ಕಿದರೆ ಅದೃಷ್ಟ.

ಪ್ರೋಟೀನ್ ಎ ಬಗ್ಗೆ ಒಂದು ಎಚ್ಚರಿಕೆ. ಮೊಲದ ಆ್ಯಂಟಿಬಾಡಿಗೆ ಅದು ಚೆನ್ನಾಗಿ ಅಂಟುತ್ತದೆ. ಇಲಿಮರಿಯ, ಅಂದರೆ ಮೌಸ್‌ನ, ಐಜಿಜಿ1 ಅನ್ನುವ ಬಗೆಯ ಆ್ಯಂಟಿಬಾಡಿಗೆ ಅಷ್ಟಾಗಿ ಅಂಟುವುದಿಲ್ಲ. ಮಾನೋಕ್ಲೋನಲ್ (ಒಂದೇ ಕೋಶದ ಸಂತತಿಯಿಂದ ಬಂದ, ಎಲ್ಲ ಒಂದೇ ಥರದ ಆ್ಯಂಟಿಬಾಡಿ) ತಗೊಂಡವರ ಹತ್ತಿರ ಬಹುಪಾಲು ಇರುವುದು ಅದೇ. ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿ.

ಹೂಳುವ ಮುಂಚೆಯೋ, ಆಮೇಲೋ?

ಇದೇ ನಿಜವಾದ ಆಯ್ಕೆ. ಬಂಗಾರವೋ ಬೇರೆಯದೋ ಅನ್ನುವುದಕ್ಕಿಂತ ಮುಂಚೆ ತೀರ್ಮಾನ ಆಗಬೇಕಾದದ್ದು.

ಆಮೇಲೆ ಹಾಕುವುದು ಅಂದರೆ ಕೋಶವನ್ನು ರೆಸಿನ್‌ನಲ್ಲಿ ಹೂತು, ಸೆಕ್ಷನ್ ಕೊಯ್ದು, ಅದನ್ನು ಕೂರಿಸಿದ ಪುಟ್ಟ ಲೋಹದ ಜಾಲರಿ, ಅಂದರೆ ಗ್ರಿಡ್ ಮೇಲೆ ಆ್ಯಂಟಿಬಾಡಿ ಇಡುವುದು. ಒಳಗಿನದು, ಹೊರಗಿನದು ಎರಡಕ್ಕೂ ಆಗುತ್ತದೆ. ಆದರೆ ಆ್ಯಂಟಿಬಾಡಿ ರೆಸಿನ್ ಒಳಗೆ ಇಳಿಯುವುದಿಲ್ಲ. ಸೆಕ್ಷನ್ನಿನ ಮೇಲ್ಮೈಯಲ್ಲಿ ತೆರೆದುಕೊಂಡ ಪ್ರೋಟೀನಿಗೆ ಮಾತ್ರ ಸಿಗುತ್ತದೆ. ಮೇಲೆ ಹೇಳಿದ 70ರಲ್ಲೂ ಬಹಳಷ್ಟು ಇಲ್ಲೇ ಕಳೆದುಹೋಯಿತು ಅನ್ನಿ. ಮೇಲಾಗಿ ಆಸ್ಮಿಯಂ ಹಾಕಿದರೆ ಎಷ್ಟೋ ಆ್ಯಂಟಿಬಾಡಿ ಪ್ರೋಟೀನನ್ನು ಗುರುತೇ ಹಿಡಿಯುವುದಿಲ್ಲ, ಹಾಕದಿದ್ದರೆ ಪೊರೆ ಮಸುಕು. ಎಲ್‌ಆರ್ ವೈಟ್ ರೆಸಿನ್ ಆಗಲಿ, ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗುವ ಲೋವಿಕ್ರಿಲ್ ಆಗಲಿ ಆ ಕಷ್ಟವನ್ನು ಸ್ವಲ್ಪ ಕಡಿಮೆ ಮಾಡುತ್ತವೆ. 1973ರಲ್ಲಿ ತೊಕುಯಾಸು ತೋರಿಸಿದ ದಾರಿ, ಸಕ್ಕರೆ ಪಾಕದಲ್ಲಿ ನೆನೆಸಿ ಹೆಪ್ಪುಗಟ್ಟಿಸಿ ಕೊಯ್ಯುವುದು, ಇನ್ನೂ ಚೆನ್ನಾಗಿದೆ. ಆದರೆ ಕ್ರಯೋ ಮೈಕ್ರೋಟೋಮ್ ಮತ್ತು ಅದರ ಮುಂದೆ ಕೂರುವ ಪಳಗಿದ ಕೈ ಎರಡೂ ಬೇಕು. ನಮ್ಮೂರಲ್ಲಿ ಎರಡೂ ಇಲ್ಲ.

ಮುಂಚೆ ಹಾಕುವುದು ಅಂದರೆ ಟ್ಯೂಬಿನಲ್ಲೇ ಎಲ್ಲ. ಸೌಮ್ಯವಾಗಿ ಫಿಕ್ಸ್ ಮಾಡಿ, ಅಂದರೆ ಕೋಶವನ್ನು ಇದ್ದ ಹಾಗೇ ನಿಲ್ಲಿಸಿ (ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್, ಜೊತೆಗೆ ಶೇ. 0.1 ಗ್ಲುಟರಾಲ್ಡಿಹೈಡ್), ಗ್ಲೈಸಿನ್ ಹಾಕಿ ಉಳಿದ ಆಲ್ಡಿಹೈಡ್ ತಣಿಸಿ, ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಹಾಕಿ ಆ್ಯಂಟಿಬಾಡಿ ಕಂಡಕಂಡಲ್ಲಿ ಅಂಟದ ಹಾಗೆ ತಡೆ ಕಟ್ಟಿ, ಮೊದಲ ಆ್ಯಂಟಿಬಾಡಿ, ತೊಳೆ, ಬಂಗಾರ, ತೊಳೆ. ಆಮೇಲೆ ಶೇ. 2 ಗ್ಲುಟರಾಲ್ಡಿಹೈಡಿನಲ್ಲಿ ಗಟ್ಟಿ ಮಾಡಿ. ಅಲ್ಲಿಗೆ ಬಂಗಾರ ಕೂತ ಜಾಗದಲ್ಲಿ ಬೀಗ ಬಿದ್ದಿತು. ಇನ್ನು ಆಸ್ಮಿಯಂ ಹಾಕಿ, ಏನು ಬೇಕಾದರೂ ಹಾಕಿ, ಆ್ಯಂಟಿಬಾಡಿ ತನ್ನ ಕೆಲಸ ಮುಗಿಸಿ ಆಗಿದೆ. ಪೊರೆಯೂ ಗರಿಗರಿ ಕಾಣುತ್ತದೆ, ಗುರುತೂ ಇರುತ್ತದೆ. ಇದಕ್ಕೆ ಬೇಕಾದದ್ದು ಒಂದು ಸೆಂಟ್ರಿಫ್ಯೂಜ್, ಐಸ್, ಫ್ಯೂಮ್ ಹುಡ್, ತಾಳ್ಮೆ. ಇಷ್ಟು ಹಾಸನದ ಒಂದು ಸಾಮಾನ್ಯ ಕಾಲೇಜ್ ಲ್ಯಾಬಿನಲ್ಲೂ ಹೊಂದಿಸಬಹುದು. ಬೆಂಗಳೂರಿಗೆ ಹೋಗುವುದು ಕೊಯ್ಯೋಕೆ ಮತ್ತು ನೋಡೋಕೆ ಮಾತ್ರ.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಜೀವಂತ ಕೋಶದ ಪೊರೆ ಗಟ್ಟಿ ಗೋಡೆಯಲ್ಲ, ಪ್ರೋಟೀನ್‌ಗಳು ಅದರಲ್ಲಿ ತೇಲಾಡುತ್ತವೆ. ಆ್ಯಂಟಿಬಾಡಿಗೆ ಎರಡು ಕೈ. ಎರಡು ಕೈಯಲ್ಲಿ ಎರಡು ಪ್ರೋಟೀನ್ ಹಿಡಿದು, ಎರಡನೆಯ ಆ್ಯಂಟಿಬಾಡಿ ಅವನ್ನೆಲ್ಲ ಇನ್ನೂ ಕಟ್ಟಿ, ಎಲ್ಲ ಒಂದೇ ಕಡೆ ಗುಂಪಾಗುತ್ತವೆ. ಕೋಶ ಬೆಚ್ಚಗಿದ್ದರೆ ಆ ಗುಂಪನ್ನು ನುಂಗಿಯೂ ಬಿಡುತ್ತದೆ. ಚಿತ್ರದಲ್ಲಿ ಚೆಂದದ ಗೊಂಚಲು ಕಾಣುತ್ತದೆ, "ನಮ್ಮ ರಿಸೆಪ್ಟರ್ ಗುಂಪಾಗಿ ಇರುತ್ತದೆ" ಅಂತ ನಾವು ಬರೆದುಬಿಡುತ್ತೇವೆ. ಆ ಗುಂಪು ಕಟ್ಟಿದ್ದು ನಾವೇ! ಜೀವಂತ ಕೋಶಕ್ಕೆ ಹಾಕುವುದಾದರೆ ಎಲ್ಲವೂ ಐಸ್ ಮೇಲೆ, 4 ಡಿಗ್ರಿಯಲ್ಲಿ ನಡೆಯಬೇಕು. ಬರೀ ಫಾರ್ಮಾಲ್ಡಿಹೈಡ್ ಹಾಕಿದ್ದೇನೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಅದಾದ ಮೇಲೂ ಕೆಲವು ಪೊರೆ ಪ್ರೋಟೀನ್‌ಗಳು ಓಡಾಡುತ್ತಲೇ ಇರುತ್ತವೆ. ಅದಕ್ಕೇ ಆ ಚಿಟಿಕೆ ಗ್ಲುಟರಾಲ್ಡಿಹೈಡ್. ಸಾರಿಗೆ ಹಾಕುವ ಇಂಗಿನ ಹಾಗೆ, ಕಮ್ಮಿಯಾದರೆ ಗೊತ್ತಾಗುವುದಿಲ್ಲ, ಜಾಸ್ತಿಯಾದರೆ ಎಲ್ಲ ಕೆಟ್ಟಿತು.

ಎಷ್ಟು ಚಿಟಿಕೆ ಅಂತ ನಿಮ್ಮ ಆ್ಯಂಟಿಬಾಡಿಯನ್ನೇ ಕೇಳಬೇಕು. ನಾಲ್ಕು ಟ್ಯೂಬ್ ತಗೊಳ್ಳಿ, ಗ್ಲುಟರಾಲ್ಡಿಹೈಡ್ ಶೇ. 0, 0.05, 0.1, 0.2 ಹಾಕಿ, ಬಂಗಾರದ ಬದಲು ಫ್ಲೂರೋಸೆಂಟ್ ಆ್ಯಂಟಿಬಾಡಿ ಹಾಕಿ ಸಾಧಾರಣ ಫ್ಲೂರೋಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಗ್ಲುಟರಾಲ್ಡಿಹೈಡೇ ಸ್ವಲ್ಪ ಮಿನುಗುತ್ತದೆ, ಹಾಗಾಗಿ ಮೊದಲ ಆ್ಯಂಟಿಬಾಡಿ ಇಲ್ಲದ ಟ್ಯೂಬನ್ನೂ ಪ್ರತಿ ಜೊತೆಗೆ ಇಡಿ. ಒಂದು ದಿನದ ಕೆಲಸ. ಇದರಲ್ಲಿ ಬೆಳಕು ಕಾಣದ ಆ್ಯಂಟಿಬಾಡಿ ಬಂಗಾರದ ಜೊತೆ ಸೇರಿ ಪವಾಡ ಮಾಡುವುದಿಲ್ಲ.

ಕಾಫಿ ತೋಟದವರಿಗೆ ಬೇರೆ ಮಾತು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಜಿಲ್ಲೆ ನಮ್ಮ ಪಕ್ಕದ್ದು, ಎಲೆ ಮೇಲೆ ಕೆಲಸ ಮಾಡುವವರು ಈ ಕಡೆ ಇದ್ದೇ ಇರುತ್ತಾರೆ. ಎಲೆಯ ಕೋಶಕ್ಕೆ ಪೊರೆಯ ಹೊರಗೊಂದು ಗೋಡೆ ಇದೆ, ಬಂಗಾರ ಹೊತ್ತ ಆ್ಯಂಟಿಬಾಡಿ ಅದನ್ನು ದಾಟಿ ಪೊರೆ ತಲುಪುವುದು ಕಷ್ಟ. ಹಾಗಾಗಿ ಕಾಫಿ ಎಲೆಗೆ ಎಲ್‌ಆರ್ ವೈಟ್ ಹಾಕಿ ಆಮೇಲಿನ ದಾರಿಯೇ ಗತಿ. ತುಕ್ಕು ರೋಗದ ಶಿಲೀಂಧ್ರದ ಬೀಜಕಣದ ಹೊರಮೈ ನೋಡುವುದಾದರೆ ಮತ್ತೆ ಟ್ಯೂಬ್ ವಿಧಾನ ಆಗುತ್ತದೆ.

ಕಂದು ಕಲೆ

ಬಿಳಿ ಪಂಚೆ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದರೆ ಎಲ್ಲಿ ಚೆಲ್ಲಿತು ಅಂತ ದೂರದಿಂದಲೇ ಕಾಣುತ್ತದೆ. ಎಷ್ಟು ಹನಿ ಬಿತ್ತು ಅಂತ ಹೇಳೋಕಾಗುವುದಿಲ್ಲ. ಡಿಎಬಿ (ಡೈಅಮಿನೋಬೆಂಜಿಡಿನ್ ಅನ್ನುವ ರಾಸಾಯನಿಕ) ವಿಧಾನ ಅಂದರೆ ಇಷ್ಟೇ. ಬಣ್ಣವೂ ಅದೇ ಕಂದು. ಆ್ಯಂಟಿಬಾಡಿಗೆ ಪೆರಾಕ್ಸಿಡೇಸ್ ಕಿಣ್ವ ಅಂಟಿಸಿ, ಡಿಎಬಿ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟರೆ ಕಿಣ್ವ ಇದ್ದಲ್ಲಿ ಕಂದು ಗಸಿ ಕೂರುತ್ತದೆ, ಆ ಗಸಿ ಆಸ್ಮಿಯಂ ಹೀರಿ ಮೈಕ್ರೋಸ್ಕೋಪಿನಲ್ಲಿ ಕಪ್ಪಾಗುತ್ತದೆ. ಒಂದು ಕಿಣ್ವ ಎಷ್ಟೋ ಡಿಎಬಿ ತಿರುಗಿಸುವುದರಿಂದ ಸಂಕೇತ ಜೋರು. ಪ್ರೋಟೀನ್ ಕಮ್ಮಿ ಇದ್ದವರಿಗೆ ಇದು ವರ. ಆದರೆ ಗಸಿ ಹುಟ್ಟಿದ ಜಾಗದಲ್ಲೇ ನಿಲ್ಲುವುದಿಲ್ಲ, ಪಕ್ಕದ ಪೊರೆಗೂ ಹರಡುತ್ತದೆ. ಎಣಿಕೆ ಇಲ್ಲ, ಎರಡು ಪ್ರೋಟೀನ್ ಒಟ್ಟಿಗೆ ಹಾಕಿದರೆ ಬೇರೆ ಮಾಡಿ ನೋಡುವುದೂ ಕಷ್ಟ.

ರಕ್ತದಲ್ಲಿ ಕೆಲಸ ಮಾಡುವವರು ಇಲ್ಲಿ ಎರಡು ಸಲ ಯೋಚಿಸಿ. ಹಿಮೋಗ್ಲೋಬಿನ್ ತಾನೇ ಪೆರಾಕ್ಸಿಡೇಸ್ ಥರ ನಡೆದುಕೊಳ್ಳುತ್ತದೆ. ನ್ಯೂಟ್ರೋಫಿಲ್, ಇಯೋಸಿನೋಫಿಲ್‌ಗಳ ಒಳಗೆ ತಮ್ಮದೇ ಪೆರಾಕ್ಸಿಡೇಸ್ ಇದೆ. ನೀವು ಏನೂ ಹಾಕದಿದ್ದರೂ ಕಂದಾಗುತ್ತವೆ. ಗಿಡದ ಕೋಶಗೋಡೆಯಲ್ಲೂ ಇದೇ ಕಥೆ, ಕಾಫಿ ಎಲೆಗೆ ಡಿಎಬಿ ಹಾಕಿ "ಎಲ್ಲ ಕಡೆ ಪಾಸಿಟಿವ್" ಅಂದವರನ್ನು ಕಂಡಿದ್ದೇನೆ. ಮೊದಲು ಆ ಕಿಣ್ವಗಳನ್ನು ತಣ್ಣಗೆ ಮಾಡಬೇಕು, ಲೇಬಲ್ ಇಲ್ಲದ ಕೋಶವನ್ನೂ ಜೊತೆಗೆ ಇಡಬೇಕು. ಡಿಎಬಿ ಮುಟ್ಟುವಾಗ ಕೈಗವಸು ಕಡ್ಡಾಯ, ಅದು ಕ್ಯಾನ್ಸರ್ ತರುವ ಅನುಮಾನ ಇರುವ ವಸ್ತು.

ಈಗ ಎಪೆಕ್ಸ್. ಸೋಯಾ ಗಿಡದ ಒಂದು ಪೆರಾಕ್ಸಿಡೇಸನ್ನು ತಿದ್ದಿ ಮಾಡಿದ, 28 ಕಿಲೋಡಾಲ್ಟನ್ನಿನ ಪುಟ್ಟ ಕಿಣ್ವ ಇದು, 2012ರಲ್ಲಿ ಬಂತು. ಸುಧಾರಿಸಿದ ಎಪೆಕ್ಸ್2 ಬಂದದ್ದು 2015ರಲ್ಲಿ. ನಿಮ್ಮ ಪ್ರೋಟೀನಿನ ಜೀನ್‌ಗೆ ಇದರ ಜೀನ್ ಹೊಲಿದುಬಿಟ್ಟರೆ ಕೋಶವೇ ಗುರುತು ಸಮೇತ ಪ್ರೋಟೀನ್ ತಯಾರಿಸುತ್ತದೆ. ಆ್ಯಂಟಿಬಾಡಿಯೇ ಬೇಡ. ಗ್ಲುಟರಾಲ್ಡಿಹೈಡ್ ತಡೆದುಕೊಳ್ಳುತ್ತದೆ, ಹಾಗಾಗಿ ರಚನೆ ಅದ್ಭುತವಾಗಿ ಉಳಿಯುತ್ತದೆ. ಸೈಟೋಪ್ಲಾಸಂನಲ್ಲಿ ಹಾರ್ಸ್‌ರ್ಯಾಡಿಷ್ ಅನ್ನುವ ಮೂಲಂಗಿ ಜಾತಿಯ ಗಿಡದ ಹಳೆಯ ಎಚ್‌ಆರ್‌ಪಿ ಕಿಣ್ವ ಕೆಲಸ ಮಾಡುವುದಿಲ್ಲ, ಅದಕ್ಕಾಗಿ ಹುಟ್ಟಿದ್ದು ಎಪೆಕ್ಸ್. ಆದರೆ ಸ್ವಾಮಿ, ನಮ್ಮ ವಿಷಯ ಹೊರಮೈ! ಹೊರಮೈಗೆ ಹೋಗುವ ಪ್ರೋಟೀನಿನ ಹೊರ ತುದಿಗೆ ಎಚ್‌ಆರ್‌ಪಿ ಕಟ್ಟಿದರೂ ಚೆನ್ನಾಗಿಯೇ ನಡೆಯುತ್ತದೆ. ಎಪೆಕ್ಸ್ ಅಂತ ಹೆಸರು ಹೊಸದು ಅನ್ನುವ ಕಾರಣಕ್ಕೆ ಆರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯ ಪ್ರಶ್ನೆ, ನಿಮ್ಮ ಕೋಶದ ಜೀನ್ ಮುಟ್ಟೋಕೆ ಆಗುತ್ತಾ? ಕೋಶ ಬೆಳೆಸುವ ಲ್ಯಾಬ್ ಇದ್ದರೆ ಆಗುತ್ತದೆ. ರೋಗಿಯ ರಕ್ತ ತಂದು ನೋಡುವವರಿಗೆ ಆಗುವುದಿಲ್ಲ. ನಮ್ಮ ಮೂಡಿಗೆರೆ ಹುಡುಗಿಯದು ಎರಡನೆಯದು, ಹಾಗಾಗಿ ಗೈಡ್ ಮಾತು ಅಲ್ಲಿಗೇ ಮುಗಿಯಿತು.

ಉಳಿದವರು

ಫೆರಿಟಿನ್: ಕಬ್ಬಿಣ ಕೂಡಿಡುವ ಪ್ರೋಟೀನ್, ಈ ಸಾಲಿನ ಅಜ್ಜ. 1959ರಲ್ಲಿ ಸಿಂಗರ್ ಆ್ಯಂಟಿಬಾಡಿಗೆ ಫೆರಿಟಿನ್ ಕಟ್ಟಿದರು. 1972ರಲ್ಲಿ ನಿಕೋಲ್ಸನ್ ಜೊತೆ ಸೇರಿ ಕೋಶಪೊರೆಯ ಫ್ಲೂಯಿಡ್ ಮೊಸಾಯಿಕ್ ಮಾದರಿ ಕೊಟ್ಟ ಅದೇ ಸಿಂಗರ್, ನಾವೆಲ್ಲ ಪರೀಕ್ಷೆಗೆ ಚಿತ್ರ ಬರೆದದ್ದು ಅದನ್ನೇ. ಒಳಗೆ 7–8 ನ್ಯಾನೋಮೀಟರಿನ ಕಬ್ಬಿಣದ ತಿರುಳು ಇದೆ, ಆದರೆ ಬಂಗಾರದಷ್ಟು ಕಪ್ಪಗೆ ಕಾಣುವುದಿಲ್ಲ. ಗೌರವ ಇರಲಿ, ಕೊಳ್ಳಬೇಡಿ.

ಕ್ವಾಂಟಮ್ ಡಾಟ್: ಸೆಮಿಕಂಡಕ್ಟರಿನ ಪುಟ್ಟ ಹರಳು. ಫ್ಲೂರೋಸೆಂಟ್ ಮೈಕ್ರೋಸ್ಕೋಪಿನಲ್ಲೂ ಹೊಳೆಯುತ್ತದೆ, ಎಲೆಕ್ಟ್ರಾನಿನಲ್ಲೂ ಕಾಣುತ್ತದೆ. ಒಂದೇ ಕೋಶವನ್ನು ಎರಡರಲ್ಲೂ ನೋಡಬೇಕಾದವರಿಗೆ ಸರಿ. ಆದರೆ ಎಲೆಕ್ಟ್ರಾನ್ ಚಿತ್ರದಲ್ಲಿ ಬಂಗಾರಕ್ಕಿಂತ ಪೇಲವ. ಆ ಎರಡು ಕೆಲಸ ಬೇಡದಿದ್ದರೆ ಏಜೆಂಟಿಗೆ ಟೀ ಕುಡಿಸಿ ಕಳಿಸಿ.

ಲೆಕ್ಟಿನ್: ಇದು ನನಗಿಷ್ಟ. ಕೋಶದ ಮೈಮೇಲಿನ ಪ್ರೋಟೀನ್‌ಗಳ ಮೇಲೆ ಸಕ್ಕರೆಯ ಸರಗಳಿರುತ್ತವೆ, ಕಾಳುಗಳಲ್ಲಿರುವ ಲೆಕ್ಟಿನ್ ಅವನ್ನು ಗುರುತು ಹಿಡಿಯುತ್ತದೆ. ನಾವು ಕಟ್ಟಿನ ಸಾರು ಮಾಡುವ ಹುರುಳಿಕಾಳಿನ ಲೆಕ್ಟಿನ್ ಇದೆಯಲ್ಲ, ಎ1 ರಕ್ತದ ಗುಂಪನ್ನು ಪತ್ತೆ ಮಾಡೋಕೆ ರಕ್ತನಿಧಿಗಳಲ್ಲಿ ಬಳಸುವುದು ಅದನ್ನೇ. ಹಲಸಿನ ಬೀಜದಿಂದ ಜಾಕಲಿನ್, ಗೋಧಿ ಮೊಳಕೆಯಿಂದ ಇನ್ನೊಂದು, ಕಡಲೆಕಾಯಿಯಿಂದ ಮತ್ತೊಂದು. ಇವಕ್ಕೆ ಬಂಗಾರ ಕಟ್ಟಿದರೆ ಆ್ಯಂಟಿಬಾಡಿ ಖರ್ಚಿಲ್ಲದೆ ಮೈ ತುಂಬ ಕಣ ಕೂರಿಸಬಹುದು. ಆದರೆ ಅದು ಹಿಡಿಯುವುದು ಸಕ್ಕರೆಯನ್ನು. ಆ ಸಕ್ಕರೆ ಯಾವ ಪ್ರೋಟೀನ್ ಮೇಲಿದ್ದರೂ, ಕೊಬ್ಬಿನ ಮೇಲಿದ್ದರೂ ಅದಕ್ಕೆ ಒಂದೇ. "ಇದೇ ನನ್ನ ಪ್ರೋಟೀನ್" ಅಂತ ಹೇಳುವ ಹಾಗಿಲ್ಲ. ಎಂಎಸ್ಸಿ ಹುಡುಗರಿಗೆ ಕೈ ಪಳಗಿಸೋಕೆ ಮಾತ್ರ ನಾನು ಎ ಗುಂಪಿನ ರಕ್ತ ಮತ್ತು ಹುರುಳಿ ಲೆಕ್ಟಿನ್ ಕೊಡುತ್ತೇನೆ. ಓ ಗುಂಪಿನ ರಕ್ತ ತಾನೇ ತಾನಾಗಿ ಕಂಟ್ರೋಲ್ ಆಗುತ್ತದೆ.

ಸ್ಕ್ಯಾನಿಂಗ್ ಮೈಕ್ರೋಸ್ಕೋಪನ್ನು ಮರೆಯಬೇಡಿ

ಮೇಲಿನ ಲೆಕ್ಕಕ್ಕೆ ವಾಪಸ್ ಬನ್ನಿ. 1,000 ಪ್ರೋಟೀನ್ ಇರುವ ಕೋಶದ ಸೆಕ್ಷನ್ನಿನಲ್ಲಿ ಒಂದು ಕಣವೂ ಗ್ಯಾರಂಟಿ ಇಲ್ಲ ಅಂದೆವು. ಸ್ಕ್ಯಾನಿಂಗ್‌ನಲ್ಲಿ ಕೊಯ್ಯುವುದೇ ಇಲ್ಲ, ಮೇಲಿನ ಅರ್ಧ ಮೈ ಪೂರ್ತಿ ಕಾಣುತ್ತದೆ. 500ರಲ್ಲಿ ಹತ್ತನೇ ಒಂದಕ್ಕೆ ಗುರುತು ಕೂತರೂ 50 ಕಣ! ಹೊರಮೈ ಪ್ರೋಟೀನ್ ಕಮ್ಮಿ ಇದ್ದವರು ಇದನ್ನೇ ಮೊದಲು ಯೋಚಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕೋ ಯಾರೂ ಯೋಚಿಸುವುದಿಲ್ಲ. ಕಣ ಸ್ವಲ್ಪ ದೊಡ್ಡದು ಬೇಕು, 15ರಿಂದ 30 ನ್ಯಾನೋಮೀಟರ್. ಬ್ಯಾಕ್‌ಸ್ಕ್ಯಾಟರ್ ಡಿಟೆಕ್ಟರ್ ಇರುವ ಒಳ್ಳೆಯ ಫೀಲ್ಡ್ ಎಮಿಶನ್ ಯಂತ್ರ ಬೇಕು. ಅದರಲ್ಲಿ ಬಂಗಾರ ಬೆಳ್ಳಗೆ ಹೊಳೆಯುತ್ತದೆ.

ಒಂದು ಮಾತು ಮಾತ್ರ ಬರೆದುಕೊಂಡು ಹೋಗಿ ಆಪರೇಟರ್ ಕೈಗೆ ಕೊಡಿ: "ದಯವಿಟ್ಟು ಕಾರ್ಬನ್ ಕೋಟಿಂಗ್." ನಾನೊಮ್ಮೆ ಹೇಳೋಕೆ ಮರೆತೆ. ಅಲ್ಲಿನವರು ದಿನಾ ಮಾಡುವ ಹಾಗೆ ಇಡೀ ಸ್ಯಾಂಪಲ್‌ಗೆ ಬಂಗಾರದ ಲೇಪ ಹೊಡೆದು, ನಗುನಗುತ್ತಾ ಕೊಟ್ಟರು. ಬಂಗಾರದ ಗದ್ದೆಯಲ್ಲಿ ಬಂಗಾರದ ಕಾಳು ಹುಡುಕಿದೆ.

ಪೆಟ್ಟಿಗೆಗೆ ಏನು ಹಾಕಬೇಕು

ಹುಡುಗಿ ಕೊನೆಗೆ 10 ನ್ಯಾನೋಮೀಟರ್, ಟ್ಯೂಬ್ ವಿಧಾನ ಅಂತ ಒಪ್ಪಿದಳು. ಹೋಲಿಸಿ ನೋಡೋಕೆ ಮೊದಲ ಆ್ಯಂಟಿಬಾಡಿ ಹಾಕದ ಒಂದು ಟ್ಯೂಬ್, ಸಂಬಂಧವಿಲ್ಲದ ಆ್ಯಂಟಿಬಾಡಿ ಹಾಕಿದ ಇನ್ನೊಂದು. ಎಣಿಸುವಾಗ ಪೊರೆ ಮೇಲಿನ ಕಣ ಮಾತ್ರವಲ್ಲ, ಖಾಲಿ ರೆಸಿನ್ ಮೇಲೆ ಬಿದ್ದ ಕಣವನ್ನೂ ಎಣಿಸಬೇಕು ಅಂದೆ. ಆಮೇಲೆ ಕೇಳಿದಳು, "ಮೇಡಂ, ತಗೊಂಡ್ ಹೋಗೋದು ಹೆಂಗೆ?"

ಉತ್ತಮ ಅಂದರೆ ಆಸ್ಮಿಯಂ, ರೆಸಿನ್ ಎಲ್ಲ ಇಲ್ಲೇ ಮುಗಿಸಿ, 60 ಡಿಗ್ರಿ ಓವನ್‌ನಲ್ಲಿ ಎರಡು ದಿನ ಗಟ್ಟಿ ಮಾಡಿ, ಆ ಪುಟ್ಟ ಬ್ಲಾಕನ್ನು ಜೇಬಿನಲ್ಲಿ ಹಾಕಿಕೊಂಡು ಬಸ್ ಹತ್ತುವುದು. ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಆಸ್ಮಿಯಂ ಹಬೆ ಕಣ್ಣಿಗೇ ಅಪಾಯ. ಸರಿಯಾದ ಫ್ಯೂಮ್ ಹುಡ್ ಇಲ್ಲದಿದ್ದರೆ ಆ ಬಾಟಲಿ ತೆಗೆಯಲೇ ಬೇಡಿ. ಅವಳ ಲ್ಯಾಬಿನಲ್ಲಿ ಹುಡ್ ರಿಪೇರಿಗೆ ಬಂದಿದೆ. ಹಾಗಾಗಿ ಶೇ. 2 ಗ್ಲುಟರಾಲ್ಡಿಹೈಡ್ ಆದ ಮೇಲೆ ಬಫರಿಗೆ ಬದಲಿಸಿ, ಟ್ಯೂಬನ್ನೇ ತಣ್ಣಗೆ ಒಯ್ಯಬೇಕು.

ತಣ್ಣಗೆ ಅಂದರೆ 4 ಡಿಗ್ರಿ, ಹೆಪ್ಪುಗಟ್ಟಬಾರದು. ನಾನು ಮೊದಲ ಸಲ ಮೀನಿನ ಅಂಗಡಿಯಿಂದ ಥರ್ಮಾಕೋಲ್ ಬಾಕ್ಸ್ ತಂದು, ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟಿದ್ದ ಜೆಲ್ ಪ್ಯಾಕ್‌ಗಳ ನಡುವೆ ಟ್ಯೂಬುಗಳನ್ನು ಸಿಕ್ಕಿಸಿ, ಎಷ್ಟು ಭದ್ರ ಅಂತ ಹೆಮ್ಮೆಪಟ್ಟುಕೊಂಡು ಬೆಳಗಿನ ಬಸ್ ಹತ್ತಿದೆ. ಬೆಂಗಳೂರಿನಲ್ಲಿ ತೆಗೆದರೆ ಟ್ಯೂಬಿನೊಳಗೆ ಬಿಳಿ ಮಂಜುಗಡ್ಡೆ. ಕರಗಿಸಿ, ರೆಸಿನ್ ಮಾಡಿಸಿ, ಮೂರು ವಾರ ಬಿಟ್ಟು ನೋಡಿದಾಗ ಕೋಶದ ತುಂಬ ಐಸ್ ಹರಳಿನ ತೂತು, ಪೊರೆ ಹರಿದು ಚಿಂದಿ, ಒಳ್ಳೆ ರವೆ ಇಡ್ಲಿ ಮುರಿದ ಹಾಗೆ. ಬಂಗಾರದ ಕಣ ಮಾತ್ರ ಆ ಚಿಂದಿಯ ಅಂಚಿಗೆ ನಿಷ್ಠೆಯಿಂದ ಅಂಟಿಕೊಂಡಿತ್ತು.

ಹಾಗಾಗಿ ಜೆಲ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ, ಟವೆಲ್‌ನಲ್ಲಿ ಸುತ್ತಿ ತಳಕ್ಕೆ ಹಾಕಿ, ಮೇಲೆ ರಟ್ಟು, ರಟ್ಟಿನ ಮೇಲೆ ಟ್ಯೂಬಿನ ಸ್ಟ್ಯಾಂಡ್. ಟ್ಯೂಬಿನ ಬಾಯಿಗೆ ಪ್ಯಾರಾಫಿಲ್ಮ್. ಒಂದು ಥರ್ಮಾಮೀಟರ್ ಜೊತೆಗೆ. ಲಗೇಜ್ ಡಿಕ್ಕಿಗೆ ಹಾಕಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ.

ಮೊನ್ನೆ ಗುರುವಾರ ಬೆಳಗ್ಗೆ ಐದೂವರೆಗೆ ಬಸ್‌ಸ್ಟ್ಯಾಂಡಿನಿಂದ ಫೋಟೋ ಕಳಿಸಿದ್ದಳು. ಟವೆಲ್, ರಟ್ಟು, ಆರು ಟ್ಯೂಬ್. ಥರ್ಮಾಮೀಟರ್ 5 ಡಿಗ್ರಿ ತೋರಿಸುತ್ತಿತ್ತು.